ಮನೆಯಲ್ಲೇ ಮಾಡಿದ ಬೀಮ್‌ನಿಂದ ಬೇಸ್ ಗಿಟಾರಿನ ಫ್ರೆಟ್ ಲೆವೆಲ್ ಮಾಡಿದೆ, ಬಜ್ ಇನ್ನೂ ಹೆಚ್ಚಾಗಿದೆ

ನಾಲ್ಕುತಂತಿ:

ಎಲ್ಲರಿಗೂ ನಮಸ್ಕಾರ. ನನ್ನದು 34 ಇಂಚು ಸ್ಕೇಲಿನ (ಅಂದರೆ ತಂತಿ ಮಿಡಿಯುವ ಉದ್ದ), 20 ಫ್ರೆಟ್‌ಗಳ (ಕತ್ತಿನ ಭಾಗವಾದ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳು) ನಾಲ್ಕು ತಂತಿಯ ಬೇಸ್ ಗಿಟಾರ್. ಫ್ರೆಟ್ ಕೆಲಸಕ್ಕೆಂದೇ ಮಾರುವ ಉಪಕರಣಗಳನ್ನೆಲ್ಲ ಕೊಂಡರೆ ಬೇಸ್‌ಗಿಂತ ಅವೇ ದುಬಾರಿಯಾಗುತ್ತವೆ. ಅದಕ್ಕೇ ಅರ್ಧ ಮೀಟರ್ ಉದ್ದದ ಅಲ್ಯೂಮಿನಿಯಂ ಚೌಕ ಪೈಪಿಗೆ 320 ನಂಬರಿನ ಎಮರಿ ಪೇಪರ್ ಅಂಟಿಸಿ, ಫ್ರೆಟ್‌ಗಳ ನೆತ್ತಿಯನ್ನು ಒಂದೇ ಮಟ್ಟಕ್ಕೆ ಉಜ್ಜುವ ಲೆವೆಲಿಂಗ್ ಬೀಮ್ ಮಾಡಿಕೊಂಡೆ. ಅಂಟಿಸಲು ಬಳಸಿದ್ದು ಫೋಮ್ ಇರುವ ಡಬಲ್ ಸೈಡ್ ಟೇಪ್. ತಂತಿ ಬಿಚ್ಚಿ, ಫ್ರೆಟ್‌ಗಳ ನೆತ್ತಿಗೆ ಮಾರ್ಕರ್ ಬಳಿದು, ಶಾಯಿ ಪೂರ್ತಿ ಹೋಗುವವರೆಗೂ ಉಜ್ಜಿದೆ.

ಮೊದಲು 7ನೇ ಫ್ರೆಟ್ ಒತ್ತಿದಾಗ ಮಾತ್ರ ಬಜ್ (ತಂತಿ ಫ್ರೆಟ್‌ಗೆ ಬಡಿದು ಬರುವ ಕರಕರ ಸದ್ದು) ಬರುತ್ತಿತ್ತು. ಈಗ ಇ ಮತ್ತು ಎ ತಂತಿಗಳಲ್ಲಿ 4ರಿಂದ 8ರವರೆಗೂ ಬರುತ್ತಿದೆ. ತಂತಿಯಿಂದ ಅಳೆದರೆ ರಿಲೀಫ್ (ನೆಕ್ ಮುಂದಕ್ಕೆ ಬಾಗಿರುವ ಪ್ರಮಾಣ) 0.3 ಮಿ.ಮೀ. ಇದೆ. ಸ್ನೇಹಿತರ ಗಿಟಾರಿನ ಫ್ರೆಟ್ ರಾಕರ್ (ಎತ್ತರದ ಫ್ರೆಟ್ ಹುಡುಕುವ ಲೋಹದ ತುಂಡು) ತಂದು ನೋಡಿದೆ, ಅದು ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಕೂರುವ ತುಂಡು) ಕಡೆಯ ಫ್ರೆಟ್‌ಗಳಿಗೆ ಎಟುಕುವುದೇ ಇಲ್ಲ. ತಪ್ಪಿರುವುದು ಬೀಮ್‌ನಲ್ಲೋ, ನೆಕ್‌ನಲ್ಲೋ? ಇನ್ನೊಮ್ಮೆ ಉಜ್ಜಬಹುದೇ?

ಸಾಣೆಕಲ್ಲು:

ದಯವಿಟ್ಟು ಸದ್ಯಕ್ಕೆ ಇನ್ನೊಂದು ಸಲವೂ ಉಜ್ಜಬೇಡಿ. ಫ್ರೆಟ್‌ನಿಂದ ಹೋದ ಲೋಹ ವಾಪಸ್ ಬರುವುದಿಲ್ಲ. ಮೊದಲು ಮೂರು ವಿಷಯ ನೋಡಿ ಹೇಳಿ.

ಒಂದು, 8ನೇ ಫ್ರೆಟ್. 7ರಲ್ಲಿ ಒತ್ತಿದಾಗ ಬಜ್ ಬಂದರೆ ಸಾಮಾನ್ಯವಾಗಿ ತಂತಿ ಬಡಿಯುವುದು ಅದರ ಮುಂದಿನ ಫ್ರೆಟ್‌ಗೆ. ಆ ಫ್ರೆಟ್ ನಿಜಕ್ಕೂ ಎತ್ತರವಿದೆಯೋ, ಅದು ಕೂರುವ ಮರದ ಸೀಳಿನಿಂದ ಎದ್ದು ಕೂತಿದೆಯೋ ಎಂಬುದು ಮುಖ್ಯ. ಅದರ ಎರಡೂ ತುದಿಗಳನ್ನು ಗಟ್ಟಿಮರದ ತುಂಡಿನಿಂದ ಒತ್ತಿ ನೋಡಿ. ಅಲುಗಿದರೆ ಅದು ಉಜ್ಜಬೇಕಾದ ಫ್ರೆಟ್ ಅಲ್ಲ, ಕೂರಿಸಬೇಕಾದ ಫ್ರೆಟ್. ಸಡಿಲವಿರುವ ಫ್ರೆಟ್ ಬೀಮ್‌ನ ಭಾರಕ್ಕೆ ತಗ್ಗುತ್ತದೆ, ಬೀಮ್ ತೆಗೆದ ಕೂಡಲೇ ಮತ್ತೆ ಏಳುತ್ತದೆ. ಎಷ್ಟು ಉಜ್ಜಿದರೂ ಅಷ್ಟೇ.

ಎರಡು, ಬೀಮ್ ಸಮತಟ್ಟಾಗಿದೆಯೇ. ಅಂಗಡಿಯ ಅಲ್ಯೂಮಿನಿಯಂ ಪೈಪು ಕಣ್ಣಿಗೆ ನೇರವಾಗಿ ಕಂಡರೂ ಈ ಕೆಲಸಕ್ಕೆ ಬೇಕಾದಷ್ಟು ನೇರ ಇರುವುದು ಅಪರೂಪ. ಬೀಮ್ ಆಗಿ ಬಳಸುವ ರಸಮಟ್ಟವೂ ಹಾಗೆಯೇ, ಪರೀಕ್ಷೆ ಮಾಡದೆ ನಂಬಬಾರದು. ಟೇಪ್ ಕಿತ್ತುಹಾಕಿ. ಬೀಮ್‌ಗಿಂತ ಉದ್ದದ ದಪ್ಪ ಗಾಜನ್ನು ಅಲುಗದ ಮೇಜಿನ ಮೇಲೆ ಪೂರ್ತಿ ಆನಿಸಿ ಇಡಿ. ಎರಡೇ ಕಡೆ ಆಧಾರ ಕೊಟ್ಟರೆ ಗಾಜೂ ಬಗ್ಗುತ್ತದೆ. ಅದರ ಮೇಲೆ 220 ನಂಬರಿನ ಪೇಪರ್ ಅಂಟಿಸಿ, ಬೀಮ್‌ನ ಮುಖಕ್ಕೆ ಮಾರ್ಕರಿನಲ್ಲಿ ಅಡ್ಡಗೆರೆ ಎಳೆದು, ಒತ್ತದೆ ನಾಲ್ಕೈದು ಸಲ ಎಳೆಯಿರಿ. ಶಾಯಿ ಎರಡು ತುದಿಗಳಲ್ಲಿ ಮಾತ್ರ ಹೋದರೆ ನಡು ತಗ್ಗಿದೆ, ನಡುವೆ ಮಾತ್ರ ಹೋದರೆ ನಡು ಉಬ್ಬಿದೆ. ಗೆರೆಗಳೆಲ್ಲ ಒಂದೇ ಸಮ ಅಳಿಯುವವರೆಗೆ ಹೀಗೇ ಉಜ್ಜಿದರೆ ನಿಮ್ಮ ಪೈಪೇ ಒಳ್ಳೆಯ ಬೀಮ್ ಆಗುತ್ತದೆ. ಫೋಮ್ ಟೇಪ್ ಮಾತ್ರ ಬೇಡವೇ ಬೇಡ. ಅದು ಎತ್ತರದ ಫ್ರೆಟ್ ಸಿಕ್ಕಲ್ಲಿ ತಾನೇ ಕುಗ್ಗಿ, ಎತ್ತರವಿದ್ದದ್ದನ್ನೂ ತಗ್ಗಿದ್ದನ್ನೂ ಸಮನಾಗಿ ಸವೆಸುತ್ತದೆ. ತೆಳು ಟೇಪ್ ಸಾಕು.

ಮೂರು, ಉಜ್ಜುವಾಗ ನೆಕ್ ನೇರವಿತ್ತೇ. ತಂತಿಯ ಎಳೆತ ಹೋದ ಮೇಲೆ ನೆಕ್ ಹಿಂದಕ್ಕೆ ಬಾಗುತ್ತದೆ, ಟ್ರಸ್ ರಾಡ್ (ನೆಕ್ ಒಳಗಿರುವ, ಬಾಗು ಸರಿಪಡಿಸುವ ಸರಳು) ಸಡಿಲಿಸಿ ಅದನ್ನು ನೇರ ಮಾಡಿಕೊಳ್ಳಬೇಕು. ನೋಡಬೇಕಾದ್ದು ಮರದ ನೇರವನ್ನು, ಫ್ರೆಟ್‌ಗಳದ್ದಲ್ಲ. ಇದಕ್ಕೆ ಕಚ್ಚು ಇರುವ ಪಟ್ಟಿ ಬೇಕು. ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ನೆಕ್‌ನ ಪಕ್ಕಕ್ಕೆ ಹಿಡಿದು ಫ್ರೆಟ್ ಇರುವ ಜಾಗಗಳನ್ನು ಗುರುತಿಸಿ, ಹ್ಯಾಕ್ಸಾದಲ್ಲಿ 5 ಮಿ.ಮೀ. ಅಗಲ, 3 ಮಿ.ಮೀ. ಆಳದ ಕಚ್ಚು ಕೊಯ್ಯಿರಿ. ಕೊಯ್ದ ಮೇಲೆ ಅಂಚನ್ನು ಅದೇ ಗಾಜಿನ ಮೇಲೆ ಸರಿಮಾಡಿ. ಅದು ನೇರವಿದೆಯೇ ಎಂದು ನೋಡಲು, ಅಂಚಿನುದ್ದಕ್ಕೂ ಚೂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಪಟ್ಟಿಯನ್ನು ಮಗುಚಿ ಅದೇ ಅಂಚಿನಿಂದ ಅಲ್ಲೇ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವೆ ಕಾಣುವ ಸಂದು ಪಟ್ಟಿಯ ದೋಷದ ಎರಡರಷ್ಟು.

ಈ ಪಟ್ಟಿ ಸಿದ್ಧವಾದ ಮೇಲೆ, ತಂತಿ ಶ್ರುತಿಯಲ್ಲಿರುವಾಗಲೇ ತಂತಿಗಳ ನಡುವೆ ತೂರಿಸಿ ಮರದ ರಿಲೀಫ್ ಅಳೆಯಿರಿ. ತಂತಿಯಿಂದ ಅಳೆದ 0.3ಕ್ಕಿಂತ ಮರದ್ದು ಹೆಚ್ಚಿದ್ದರೆ ನಡುವಿನ ಫ್ರೆಟ್‌ಗಳು ಎತ್ತರ ಉಳಿದಿವೆ, ಕಡಿಮೆ ಇದ್ದರೆ ನಡುವಿನವು ಅತಿಯಾಗಿ ಸವೆದಿವೆ. ಬೇಸ್ ಅನ್ನು ನುಡಿಸುವ ಭಂಗಿಯಲ್ಲಿ ಹಿಡಿದೇ ಅಳೆಯಿರಿ. ಉದ್ದನೆಯ ನೆಕ್, ತುದಿಯಲ್ಲಿ ಭಾರದ ಟ್ಯೂನರ್‌ಗಳು. ಮೇಜಿನ ಮೇಲೆ ಮಲಗಿಸಿದರೆ ಅಳತೆ ಬದಲಾಗುತ್ತದೆ.

ಮಂದ್ರಸ್ಥಾಯಿ:

ರಾಕರ್ ವಿಷಯ ನಾನು ಹೇಳುತ್ತೇನೆ. 25.5 ಇಂಚಿನ ಗಿಟಾರಿನಲ್ಲಿ 1ನೇ ಫ್ರೆಟ್‌ನಿಂದ 3ನೆಯದಕ್ಕೆ ಸುಮಾರು 67 ಮಿ.ಮೀ. ಇದ್ದರೆ 34 ಇಂಚಿನ ಬೇಸ್‌ನಲ್ಲಿ ಅದೇ ದೂರ 89 ಮಿ.ಮೀ. ಗಿಟಾರಿನ ರಾಕರ್ ಎಟುಕದಿರುವುದು ಅದಕ್ಕೇ. ರಾಕರ್‌ನ ಅಂಚು ಮೂರು ಫ್ರೆಟ್‌ಗಳ ಮೇಲೆ ಕೂರಬೇಕು, ನಾಲ್ಕನೆಯದನ್ನು ಮುಟ್ಟಬಾರದು. ಬೇಸ್‌ನಲ್ಲಿ 12ರಿಂದ 14ಕ್ಕೆ 47 ಮಿ.ಮೀ., 18ರಿಂದ 20ಕ್ಕೆ 33 ಮಿ.ಮೀ. ಹಳೆಯ ಸ್ಟೀಲ್ ಸ್ಕೇಲಿನಿಂದ 95, 65, 45 ಮಿ.ಮೀ. ಉದ್ದದ ಮೂರು ತುಂಡು ಕತ್ತರಿಸಿಕೊಳ್ಳಿ. 95ರದ್ದು ನಟ್ ಕಡೆಯಿಂದ 8ನೇ ಫ್ರೆಟ್‌ವರೆಗೆ, 65ರದ್ದು 7ರಿಂದ 14ರ ಆಸುಪಾಸಿಗೆ, 45ರದ್ದು 14ರಿಂದ ಕೊನೆಯವರೆಗೆ. ಸ್ಕೇಲಿನ ಮೂಲ ಅಂಚನ್ನೇ ಬಳಸಿ, ಕತ್ತರಿಸಿದ ಕಡೆಯ ಮುಳ್ಳುಗಳನ್ನು ಸಾಣೆಕಲ್ಲಿನಲ್ಲಿ ತೆಗೆಯಿರಿ. ತುಂಡು ಟಕ್ ಟಕ್ ಎಂದು ತೂಗಿದರೆ ನಡುವಿನ ಫ್ರೆಟ್ ಎತ್ತರವಿದೆ ಎಂದರ್ಥ. ಒಂದೊಂದು ತಂತಿಯ ದಾರಿಯಲ್ಲೂ ಪ್ರತ್ಯೇಕವಾಗಿ ನೋಡಿ.

ನಾಲ್ಕುತಂತಿ:

ಇಬ್ಬರಿಗೂ ತುಂಬಾ ಧನ್ಯವಾದ. 8ನೇ ಫ್ರೆಟ್ ಇ ತಂತಿಯ ಕಡೆ ಒತ್ತಿದರೆ ಇಳಿಯುತ್ತಿದೆ. ಬೀಮ್‌ನ ಶಾಯಿ ಎರಡು ತುದಿಗಳಲ್ಲಿ ಮಾತ್ರ ಹೋಯಿತು. ಮರದ ರಿಲೀಫ್ 0.4ಕ್ಕಿಂತ ಹೆಚ್ಚು ಬಂತು. ಅಂದರೆ ನಡು ತಗ್ಗಿದ ಬೀಮ್ ತುದಿಯ ಫ್ರೆಟ್‌ಗಳನ್ನು ಸವೆಸಿ ನಡುವಿನವನ್ನು ಹಾಗೇ ಬಿಟ್ಟಿದೆ, ಅಲ್ಲವೇ? ಫ್ರೆಟ್ ಕೂರಿಸುವುದು ಹೇಗೆ? ಲೆವೆಲ್ ಆದ ಮೇಲೆ ನೆತ್ತಿ ದುಂಡು ಮಾಡಲು ಮೂರು ಮೂಲೆಯ ಅರ ಸಾಕೇ?

ಸಾಣೆಕಲ್ಲು:

ಹೌದು, ಅದೇ ಆಗಿರುವುದು. ಒಳ್ಳೆಯ ಸಂಗತಿಯೆಂದರೆ ಎತ್ತರ ಉಳಿದದ್ದನ್ನು ಇಳಿಸಬಹುದು.

ಕೂರಿಸಲು ಫ್ರೆಟ್‌ಬೋರ್ಡಿನ ಬಾಗಿಗೆ ಹೊಂದುವ ಮರದ ತುಂಡು ಬೇಕು. ಎಮರಿ ಪೇಪರನ್ನು ಒರಟು ಮೇಲೆ ಮಾಡಿ ಫ್ರೆಟ್‌ಗಳ ಮೇಲೆ ಹಾಸಿ, ಗಟ್ಟಿಮರದ ತುಂಡನ್ನು ನೆಕ್‌ನ ಉದ್ದಕ್ಕೆ ಉಜ್ಜಿ. ನಿಮ್ಮ ಬೇಸ್‌ನ ರೇಡಿಯಸ್ ತಾನಾಗಿಯೇ ಮರಕ್ಕೆ ಇಳಿಯುತ್ತದೆ, ಅಳೆಯುವ ಗೇಜೂ ಬೇಕಿಲ್ಲ. ಫ್ರೆಟ್‌ನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಾಕಿ, ಸೀಳಿಗೆ ನೀರಿನಷ್ಟು ತೆಳುವಾದ ಸೂಪರ್ ಗ್ಲೂ ಒಂದು ಹನಿ ಬಿಟ್ಟು, ಈ ತುಂಡನ್ನಿಟ್ಟು ಕ್ಲ್ಯಾಂಪ್ ಬಿಗಿಯಿರಿ. ನೆಕ್‌ನ ಹಿಂಬದಿಗೆ ದಪ್ಪ ಬಟ್ಟೆ ಇರಲಿ. ಪೂರ್ತಿ ಒಣಗಿದ ಮೇಲಷ್ಟೇ ಲೆವೆಲಿಂಗ್. ಆಗ ಬೀಮ್‌ನ ಸ್ವಂತ ಭಾರವೇ ಸಾಕು, ಕೈಯಿಂದ ಒತ್ತಬೇಡಿ. ಪ್ರತಿ ಫ್ರೆಟ್‌ನಲ್ಲೂ ಶಾಯಿ ಒಂದಿಷ್ಟು ಅಳಿದ ಕೂಡಲೇ ನಿಲ್ಲಿಸಿ.

ಅರ ಸಾಕು, ಆದರೆ ಹಾಗೇ ಬಳಸಬೇಡಿ. ಅದರ ಮೂರೂ ಮೂಲೆಗಳ ಹಲ್ಲುಗಳನ್ನು ಸಾಣೆ ಹಿಡಿದು ನುಣುಪು ಮಾಡಿ, ಇಲ್ಲದಿದ್ದರೆ ಫ್ರೆಟ್ ಪಕ್ಕದ ಮರವನ್ನು ಗೀರುತ್ತದೆ. ಗ್ರೈಂಡರ್ ಹಿಡಿಯುವುದಾದರೆ ಆಗಾಗ ನೀರಿನಲ್ಲಿ ಅದ್ದಿ, ಉಕ್ಕು ನೀಲಿಗೆ ತಿರುಗಿದರೆ ಗಟ್ಟಿತನ ಹೋಯಿತು. ಫ್ರೆಟ್‌ನ ನೆತ್ತಿಗೆ ಮತ್ತೆ ಶಾಯಿ ಬಳಿದು ಎರಡು ಬದಿಗಳನ್ನು ಓರೆಯಾಗಿ ಅರೆಯುತ್ತಾ ಬನ್ನಿ. ನಡುವೆ ಕೂದಲೆಳೆಯಷ್ಟು ಶಾಯಿಯ ಗೆರೆ ಉಳಿಯಲೇಬೇಕು. ಅದೂ ಅಳಿಸಿದರೆ ಲೆವೆಲ್ ಕೆಟ್ಟಿತು. ದುಂಡು ಮಾಡುವುದನ್ನು ಬಿಟ್ಟುಬಿಡಲೂ ಆಗದು. ಚಪ್ಪಟೆ ನೆತ್ತಿಯ ಮೇಲೆ ತಂತಿ ತಂಬೂರಿಯ ಜವಾರಿಯಂತೆ ಝೇಂಕರಿಸುತ್ತದೆ, ಇಂಟೊನೇಷನ್ (ಪ್ರತಿ ಫ್ರೆಟ್‌ನಲ್ಲೂ ಸ್ವರ ಸರಿಯಾಗಿ ಬರುವುದು) ಕೂಡ ಸರಿಯಾಗಿ ನಿಲ್ಲುವುದಿಲ್ಲ.

ಮಂದ್ರಸ್ಥಾಯಿ:

ಆಮೇಲೆ 600, 1000, 2000 ನಂಬರಿನ ಪೇಪರ್, ಕೊನೆಗೆ ಮೆಟಲ್ ಪಾಲಿಶ್. ಸ್ಟೀಲ್ ವುಲ್ ಬಳಸುವುದಾದರೆ ಪಿಕಪ್‌ಗಳನ್ನು (ತಂತಿಯ ಕಂಪನ ಹಿಡಿಯುವ, ಅಯಸ್ಕಾಂತವಿರುವ ಭಾಗಗಳು) ಟೇಪಿನಿಂದ ಪೂರ್ತಿ ಮುಚ್ಚಿ. ಉಕ್ಕಿನ ಪುಡಿ ಅಯಸ್ಕಾಂತಕ್ಕೆ ಅಂಟಿದರೆ ತೆಗೆಯುವುದು ಕಷ್ಟ. ನಿಮ್ಮವು ಸ್ಟೇನ್‌ಲೆಸ್ ಫ್ರೆಟ್‌ಗಳಾದರೆ ಮೊದಲೇ ಹೇಳಿ, ಮಾಮೂಲಿ ಅರ ಅವುಗಳ ಮೇಲೆ ಬೇಗ ಮೊಂಡಾಗುತ್ತದೆ.

ನಾಲ್ಕುತಂತಿ:

ನಿಕಲ್ ಸಿಲ್ವರ್ ಫ್ರೆಟ್‌ಗಳೇ. 8ನೆಯದಕ್ಕೆ ಗ್ಲೂ ಹಾಕಿ ಕ್ಲ್ಯಾಂಪ್ ಬಿಗಿದಿದ್ದೇನೆ, ಬೀಮ್ ಗಾಜಿನ ಮೇಲಿದೆ. ಶಾಯಿ ಸಮನಾಗಿ ಅಳಿದ ಮೇಲೆ ರಾಕರ್‌ನಲ್ಲಿ ಕಂಡದ್ದನ್ನು ಇಲ್ಲೇ ಬರೆಯುತ್ತೇನೆ.