ಡಹೋಮಿಯ ಹೆಣ್ಣುಪಡೆ: ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

ಹಳೆಮನೆ ಬಳಗ, ಭಾನುವಾರ ಸಂಜೆ

ಸುಧಾ ಅತ್ತೆ: (ಬೇರೆಡೆಯಿಂದ ಬಂದ ಸಂದೇಶ) “ಆಫ್ರಿಕಾದ ಓಬವ್ವರು! ಗುಲಾಮರ ವ್ಯಾಪಾರಕ್ಕೆ ಕೊನೆ ಹಾಡಿದ ವೀರ ಮಹಿಳೆಯರ ನಿಜ ಕಥೆ ‘ದಿ ವುಮನ್ ಕಿಂಗ್’ ಚಿತ್ರ. ಮನೆಮಂದಿಯೆಲ್ಲ ಕುಳಿತು ನೋಡಿ.”

ಸುಧಾ ಅತ್ತೆ: ನಿನ್ನೆ ನೋಡಿದೆ. ಎರಡು ಸಲ ಕಣ್ಣು ತುಂಬಿ ಬಂತು.

ದೊಡ್ಡಪ್ಪ: ಸುಧಾ, “ಕೊನೆ ಹಾಡಿದ” ಎಂಬ ಮಾತು ಶುದ್ಧ ಸುಳ್ಳು. ಚಿತ್ರದಲ್ಲಿರುವ ಪಶ್ಚಿಮ ಆಫ್ರಿಕಾದ ಡಹೋಮಿ ರಾಜ್ಯ ಕೊಬ್ಬಿದ್ದೇ ಆ ವ್ಯಾಪಾರದಿಂದ. 1727ರಲ್ಲಿ ವಿದಾ ಬಂದರನ್ನು ಗೆದ್ದುಕೊಂಡ ಮೇಲೆ ಸೆರೆಯಾಳುಗಳನ್ನು ನೇರವಾಗಿ ಯುರೋಪಿನ ಹಡಗುಗಳಿಗೆ ಮಾರುತ್ತಿತ್ತು. ಮುಂದೆ ಊರುಗಳಿಗೆ ನುಗ್ಗಿ ಸೆರೆ ಹಿಡಿದವರಲ್ಲಿ ಈ ಅಗೋಜಿಯೆಗಳೂ, ಅಂದರೆ ದೊರೆಯ ಹೆಣ್ಣುಪಡೆಯವರೂ ಇದ್ದರು. ಇಂಥ ಚಿತ್ರಗಳು ಅದನ್ನೇ ಮುಚ್ಚಿಡುತ್ತವೆ.

ಪಲ್ಲವಿ ಅಕ್ಕ: ಮಾವ, ನೀವು ಚಿತ್ರವನ್ನು ನೋಡಿದ್ದೀರಾ? ಅದು ಮುಚ್ಚಿಟ್ಟಿಲ್ಲ. ನಮ್ಮ ರಾಜ್ಯವೇ ಜನರನ್ನು ಮಾರುತ್ತಿದೆ ಎಂದು ಸೇನಾನಿ ನಾನಿಸ್ಕಾ ದೊರೆ ಗೆಜೋನ ಎದುರಿಗೇ ವಾದಿಸುತ್ತಾಳೆ.

ದೊಡ್ಡಪ್ಪ: ನೋಡಿಲ್ಲ. ಮುಚ್ಚಿಡುತ್ತವೆ ಎಂದದ್ದು ತಪ್ಪು, ಹಿಂದಕ್ಕೆ ಪಡೆಯುತ್ತೇನೆ. ಆ ವಾದಕ್ಕೆ ದೊರೆ ಏನೆನ್ನುತ್ತಾನೆ?

ಪಲ್ಲವಿ ಅಕ್ಕ: ಕೊನೆಗೆ ಅವಳ ದಾರಿಗೆ ಬರುತ್ತಾನೆ. ಜನರನ್ನು ಮಾರುವ ಬದಲು ತಾಳೆಎಣ್ಣೆ ಮಾರೋಣ ಎಂಬುದು ಅವಳ ದಾರಿ.

ನಾನು: ನನ್ನ ತಕರಾರು ಇರುವುದು ಅಲ್ಲಿಯೇ ಅಕ್ಕ. ಗೆಜೋ 1818ರಲ್ಲಿ ಪಟ್ಟಕ್ಕೆ ಬಂದದ್ದೇ ಫ್ರಾನ್ಸಿಸ್ಕೋ ಫೆಲಿಕ್ಸ್ ದ ಸೋಜಾ ಎಂಬ ಬ್ರೆಜಿಲಿನ ಗುಲಾಮ ವ್ಯಾಪಾರಿಯ ನೆರವಿನಿಂದ. ಕಥೆ ನಡೆಯುವುದು 1823ರಲ್ಲಿ. ನೆರೆಯ ಓಯೊ ಸಾಮ್ರಾಜ್ಯಕ್ಕೆ ಕಪ್ಪ ಕೊಡುವುದನ್ನು ಡಹೋಮಿ ನಿಲ್ಲಿಸಿದ್ದು ನಿಜ. ಆದರೆ ಜನರ ಮಾರಾಟ ನಿಲ್ಲಲಿಲ್ಲ. ಬ್ರಿಟಿಷ್ ನೌಕಾಪಡೆ ಕರಾವಳಿಗೆ ದಿಗ್ಬಂಧನ ಹಾಕಿದ ಮೇಲೆ, 1852ರಲ್ಲಿ ಗೆಜೋ ಆ ಮಾರಾಟ ನಿಲ್ಲಿಸುವ ಒಪ್ಪಂದಕ್ಕೆ ಒಪ್ಪಿದ. ಕೆಲವೇ ವರ್ಷಗಳಲ್ಲಿ ವ್ಯಾಪಾರ ಮತ್ತೆ ಶುರುವಾಯಿತು.

ಸುಧಾ ಅತ್ತೆ: ನೀವೆಲ್ಲ ಇಸವಿ ಎಣಿಸುತ್ತಾ ಕುಳಿತಿದ್ದೀರಿ. ನಾನು ಯಾರ ಜೊತೆ ನೋಡಿದೆ ಎಂದು ಒಬ್ಬರೂ ಕೇಳಲಿಲ್ಲ. ನಮ್ಮ ಯಲ್ಲಾಪುರದ ಕಡೆಯ ನಾಲ್ಕು ಸಿದ್ದಿ ಹುಡುಗಿಯರು ಮನೆಗೆ ಬಂದಿದ್ದರು. ತಮ್ಮಂಥದೇ ಕೂದಲು, ತಮ್ಮಂಥದೇ ಮೈಬಣ್ಣದ ಹೆಂಗಸರು ಚಿತ್ರದ ತುಂಬ ಓಡುತ್ತಾರೆ, ಕಾದಾಡುತ್ತಾರೆ, ಆಜ್ಞೆ ಕೊಡುತ್ತಾರೆ. ಒಬ್ಬಳು ನಾನಿಸ್ಕಾ ಪಾತ್ರದ ವಯೋಲಾ ಡೇವಿಸ್ ಕಾಣಿಸಿದಾಗಲೆಲ್ಲ ನೆಟ್ಟಗೆ ಕೂರುತ್ತಿದ್ದಳು. ಆ ಮಕ್ಕಳ ಕೂದಲನ್ನು ಹಿಡಿದು ಎಳೆದು ನಕ್ಕವರನ್ನು ನಾನು ಶಾಲೆಯಲ್ಲಿ ಕಂಡಿದ್ದೇನೆ ಅಣ್ಣ. ಅವರಿಗೆ ಇದು ಬೇಕಿತ್ತು.

ದೊಡ್ಡಪ್ಪ: ಬೇಕಿತ್ತು, ಒಪ್ಪುತ್ತೇನೆ. ಆದರೆ ಸಿದ್ದಿಗಳ ಹಿರಿಯರಲ್ಲಿ ಬಹಳ ಜನ ಪೂರ್ವ ಆಫ್ರಿಕಾದವರು. ಗೋವಾದ ಪೋರ್ಚುಗೀಸರು ತಂದವರು. ಡಹೋಮಿ ಇರುವುದು ಪಶ್ಚಿಮ ಕರಾವಳಿಯಲ್ಲಿ, ಇಂದಿನ ಬೆನಿನ್ ದೇಶದಲ್ಲಿ. ಸಮುದ್ರವೇ ಬೇರೆ. ಆ ಮಕ್ಕಳ ಮುತ್ತಜ್ಜಿಯರು ಮಾರಿದವರ ಸಾಲಿನಲ್ಲಿ ಅಲ್ಲ, ಮಾರಾಟವಾದವರ ಸಾಲಿನಲ್ಲಿ ನಿಂತವರು ಎಂಬುದನ್ನು ಮರೆಯಬೇಡ.

ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ.

ಪಲ್ಲವಿ ಅಕ್ಕ: ಮಾವ, ಅಗೋಜಿಯೆಗಳಲ್ಲಿಯೂ ಸೆರೆಯಾಗಿ ಬಂದವರಿದ್ದರು. ಮನೆಯವರೇ ತಂದು ಅರಮನೆಗೆ ಒಪ್ಪಿಸಿದ ಹುಡುಗಿಯರಿದ್ದರು. ಹೆಸರಿಗೆ ಅವರೆಲ್ಲ ದೊರೆಯ ಹೆಂಡಂದಿರು, ಬೇರೆ ಮದುವೆ ಇಲ್ಲ, ಮಕ್ಕಳಿಲ್ಲ. ಬರಿಗಾಲಿನಲ್ಲಿ ಮುಳ್ಳಿನ ಒಡ್ಡು ಹತ್ತುವ ದೃಶ್ಯವೊಂದಿದೆ. ಅದು ಕಟ್ಟುಕಥೆಯಲ್ಲ. 1861ರಲ್ಲಿ ಡಹೋಮಿಯ ರಾಜಧಾನಿ ಅಬೊಮೆಗೆ ಹೋಗಿದ್ದ ಇಟಲಿಯ ಪಾದ್ರಿ ಬೋರ್ಗೆರೋ ಅಂಥ ಕವಾಯತನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಫ್ರೆಂಚರ ಬಂದೂಕುಗಳ ಎದುರು 1890ರಲ್ಲಿ, ಮತ್ತೆ 1892ರಲ್ಲಿ ಸತ್ತವರೂ ಅವರೇ. ಹಾಗಾಗಿ “ಮಾರಿದವರು” ಎಂಬ ಒಂದೇ ಮಾತಿನಲ್ಲಿ ಅವರನ್ನು ಮುಗಿಸಬೇಡಿ.

ದೊಡ್ಡಪ್ಪ: ಮುಗಿಸುತ್ತಿಲ್ಲ ಪಲ್ಲವಿ. ಆದರೆ ಇನ್ನೊಬ್ಬನ ಕಥೆಯೂ ಇದೆ. 1860ರಲ್ಲಿ ವಿದಾದಿಂದ ಹೊರಟ ಕ್ಲೋಟಿಲ್ಡಾ ಎಂಬ ಹಡಗು ಸುಮಾರು 110 ಜನರನ್ನು ಅಲಬಾಮಾಕ್ಕೆ ಒಯ್ಯಿತು. ಅಮೆರಿಕಕ್ಕೆ ಗುಲಾಮರನ್ನು ತರುವುದು 1808ರಿಂದಲೇ ನಿಷಿದ್ಧವಾಗಿತ್ತು, ಕದ್ದು ಒಯ್ದರು. ಅದರಲ್ಲಿ ಹತ್ತೊಂಬತ್ತರ ಹುಡುಗನೊಬ್ಬನಿದ್ದ. ನಸುಕಿನಲ್ಲಿ ಊರ ಬಾಗಿಲು ಮುರಿದು ಡಹೋಮಿಯ ಪಡೆ ನುಗ್ಗಿದ್ದನ್ನು, ಆ ಪಡೆಯ ಹೆಂಗಸರು ತನ್ನವರನ್ನು ಕೊಂದದ್ದನ್ನು ಮುಪ್ಪಿನಲ್ಲಿ ಲೇಖಕಿ ಜೋರಾ ನೀಲ್ ಹರ್ಸ್ಟನ್ ಅವರಿಗೆ ಹೇಳಿದ. ಅವರು 1927ರಲ್ಲಿ ಅವನ ಬಾಯಿಂದ ಕೇಳಿದ್ದು ಪುಸ್ತಕವಾಗಿ ಬಂದದ್ದು 2018ರಲ್ಲಿ. ತೊಂಬತ್ತು ವರ್ಷ ಕಾಯಬೇಕಾಯಿತು.

ನಾನು: ದೊಡ್ಡಪ್ಪ, ಇದನ್ನು ಓದಿ ಮೈ ನಡುಗಿತು. ಅವನ ಊರಿನ ಬಾಗಿಲೂ ನಾನಿಸ್ಕಾಳ ಕತ್ತಿಯೂ ಒಂದೇ ಚಿತ್ರದಲ್ಲಿ ಬರಬೇಕಿತ್ತು ಎಂಬುದು ನನ್ನ ಆಸೆ. ನಿಜದಲ್ಲಿ ನಡೆಯದ ಪಶ್ಚಾತ್ತಾಪವನ್ನು ದೊರೆಗೆ ದಾನ ಮಾಡಿ, ಅವನಿಂದ ನೊಂದವರನ್ನು ಅಂಚಿಗೆ ಸರಿಸಿದ್ದಾರೆ. ಆ ಹೆಂಗಸರ ಧೈರ್ಯ ದೊಡ್ಡದು. ಅದನ್ನು ತೋರಿಸಲು ಅವರ ಕೈಯನ್ನು ತೊಳೆದುಕೊಡಬೇಕಾಗಿರಲಿಲ್ಲ.

ಸುಧಾ ಅತ್ತೆ: ಹಾಗೆ ಮಾಡಿದ್ದರೆ ದೊಡ್ಡ ಚಿತ್ರಮಂದಿರಗಳಿಗೆ ಬರುತ್ತಿತ್ತೇ? ಕಪ್ಪು ಹೆಂಗಸರನ್ನೇ ಮುಂದಿಟ್ಟು ಇಷ್ಟು ದೊಡ್ಡ ಚಿತ್ರ ಮಾಡಲು ಹಣ ಹಾಕುವವರೇ ಅಪರೂಪ. ಮೊದಲು ಬಾಗಿಲು ತೆರೆಯಲಿ.

ಪಲ್ಲವಿ ಅಕ್ಕ: ಅಮ್ಮ, ಬಾಗಿಲು ತೆರೆಯಿತು. ಒಳಗೆ ಹೋದವರು ಏನು ಹೇಳಿದರು ಎಂದು ಕೇಳುವುದು ತಪ್ಪಲ್ಲವಲ್ಲ.

ಸುಧಾ ಅತ್ತೆ: ತಪ್ಪಲ್ಲ. ಆ ಸಂದೇಶವನ್ನು ಅಳಿಸಿದ್ದೇನೆ. ಶನಿವಾರ ಹುಡುಗಿಯರು ಮತ್ತೆ ಬರುತ್ತಾರೆ. ಅಣ್ಣ, ಹಡಗಿನಲ್ಲಿ ಹೋದ ಆ ಹುಡುಗನ ಹೆಸರೇನು?

ದೊಡ್ಡಪ್ಪ: ಓಲುವಾಲೆ ಕೊಸ್ಸೊಲಾ. ಅಮೆರಿಕದಲ್ಲಿ ಕಡ್ಜೋ ಲೂಯಿಸ್ ಎಂದು ಕರೆದರು. ನೀನು ಮಕ್ಕಳಿಗೆ ಅವನ ಊರಿನವರು ಕರೆಯುತ್ತಿದ್ದ ಹೆಸರನ್ನೇ ಹೇಳು.