ಸಂಬಳದ ಮಿತಿ ಇದ್ದರೂ ರಗ್ಬಿ ಕ್ಲಬ್ಬುಗಳು ದಿವಾಳಿಯಾದದ್ದು ಹೇಗೆ?

ಪ್ರಶ್ನೆ: ಪಂದ್ಯಾವಳಿ ಸಮಿತಿ ಸದಸ್ಯ, ಸಾಗರ

ನಮ್ಮ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯನ್ನು ಮುಂದಿನ ಬಾರಿ ಮಾಲೀಕರಿರುವ ತಂಡಗಳ ಲೀಗ್ ಆಗಿ ನಡೆಸಬೇಕೆಂಬ ಚರ್ಚೆ ಸಮಿತಿಯಲ್ಲಿ ನಡೆದಿದೆ. ಹರಾಜಿನಲ್ಲಿ ಪ್ರತಿ ತಂಡಕ್ಕೂ ಒಂದೇ ಮೊತ್ತದ ಮಿತಿ ಹಾಕಿದರೆ ಯಾವ ಮಾಲೀಕರೂ ಕೈಸುಟ್ಟುಕೊಳ್ಳುವುದಿಲ್ಲ ಎಂಬುದು ಬಹುಮತದ ಅಭಿಪ್ರಾಯ. ನನಗೆ ಸಂಶಯ ಬಂದದ್ದು ಇಂಗ್ಲೆಂಡಿನ ವೃತ್ತಿಪರ ರಗ್ಬಿಯ ಸುದ್ದಿ ಓದಿದ ಮೇಲೆ. ಅಲ್ಲಿನ ಪ್ರೀಮಿಯರ್‌ಶಿಪ್‌ನಲ್ಲಿ 1999ರಿಂದಲೇ ಆಟಗಾರರ ಒಟ್ಟು ಸಂಬಳಕ್ಕೆ ಮಿತಿ ಇದೆ. ಕೋವಿಡ್ ಹೊಡೆತದ ನಂತರ ಅದನ್ನು 64 ಲಕ್ಷ ಪೌಂಡ್‌ನಿಂದ 50 ಲಕ್ಷಕ್ಕೆ ಇಳಿಸಿಯೂ ಆಗಿತ್ತು. ಆದರೂ 2022ರ ಸೆಪ್ಟೆಂಬರಿನಿಂದ 2023ರ ಜೂನ್ ಒಳಗೆ ವೂಸ್ಟರ್, ವಾಸ್ಪ್ಸ್, ಲಂಡನ್ ಐರಿಷ್ ಎಂಬ ಮೂರು ಕ್ಲಬ್ಬುಗಳು ಲೀಗಿನಿಂದ ಹೊರಬಿದ್ದವು. ಹಾಗಾದರೆ ಮಿತಿ ಕಾಪಾಡುವುದು ಯಾರನ್ನು? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ: ಲೆಕ್ಕಪರಿಶೋಧಕ, ಶಿವಮೊಗ್ಗ

ನಿಮ್ಮ ಸಂಶಯ ಸರಿಯಾಗಿಯೇ ಇದೆ. ಆ ಮಿತಿಯನ್ನು ಯಾವ ಕ್ಲಬ್ಬಿನ ಆದಾಯವನ್ನೂ ನೋಡಿ ಗೊತ್ತುಮಾಡಿದ್ದಲ್ಲ. ಎರಡೆಕರೆ ಅಡಿಕೆ ತೋಟದವರಿಗೂ ಇಪ್ಪತ್ತೆಕರೆಯವರಿಗೂ ಸೊಸೈಟಿಯಲ್ಲಿ ಸಾಲದ ಮಿತಿ ಒಂದೇ ಇಟ್ಟಂತೆ ಅದು. ಪ್ರೇಕ್ಷಕರು ಕಡಿಮೆ ಇರುವ ಕ್ಲಬ್ಬು ಕೂಡ ಪಟ್ಟಿಯ ತಳಕ್ಕೆ ಹೋಗಬಾರದೆಂಬ ಭಯದಿಂದ ಮಿತಿಯ ಅಂಚಿನವರೆಗೂ ಖರ್ಚು ಮಾಡುತ್ತದೆ, ವರ್ಷದ ಕೊನೆಯಲ್ಲಿ ಬೀಳುವ ಕೊರತೆಯನ್ನು ಮಾಲೀಕರು ತಮ್ಮ ಜೇಬಿನಿಂದ ತುಂಬುತ್ತಾರೆ, ಅವರಿಗೆ ಸಾಕಾದ ದಿನ ಕ್ಲಬ್ಬಿಗೆ ಬೇರೆ ದಿಕ್ಕಿರುವುದಿಲ್ಲ.

ಎರಡನೆಯದಾಗಿ, ಮಿತಿ ಅನ್ವಯಿಸುವುದು ಆಟಗಾರರ ಸಂಬಳಕ್ಕೆ ಮಾತ್ರ. ವಾಸ್ಪ್ಸ್ 2014ರಲ್ಲಿ ಕೊವೆಂಟ್ರಿಯ ದೊಡ್ಡ ಕ್ರೀಡಾಂಗಣವನ್ನು ಕೊಂಡು, ಮರುವರ್ಷ ಶೇ. 6.5 ಬಡ್ಡಿಯ ಬಾಂಡ್‌ಗಳ ಮೂಲಕ 3.5 ಕೋಟಿ ಪೌಂಡ್ ಎತ್ತಿತು. 2022ರ ಮೇ ತಿಂಗಳಲ್ಲಿ ಅಸಲು ತೀರಿಸಬೇಕಾಗಿತ್ತು. ತೀರಿಸಲಾಗಲಿಲ್ಲ, ಅಕ್ಟೋಬರಿನಲ್ಲಿ ಕ್ಲಬ್ಬು ದಿವಾಳಿ ವ್ಯವಹಾರ ನೋಡಿಕೊಳ್ಳುವ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ವೂಸ್ಟರಿನ ಕಥೆ ಇನ್ನೂ ವಿಚಿತ್ರ. ಅಲ್ಲಿ ಆಟಗಾರರ ಕರಾರುಗಳು ಕ್ಲಬ್ಬಿನ ಹೆಸರಿನಲ್ಲಿ ಇರದೆ ಪ್ರತ್ಯೇಕವಾದ ಇನ್ನೊಂದು ಕಂಪನಿಯ ಹೆಸರಿನಲ್ಲಿದ್ದವು. ತೆರಿಗೆ ಬಾಕಿಗಾಗಿ ಆ ಕಂಪನಿಯನ್ನು 2022ರ ಅಕ್ಟೋಬರ್ 5ರಂದು ನ್ಯಾಯಾಲಯ ಮುಚ್ಚಿಸಿದಾಗ ಅಷ್ಟೂ ಆಟಗಾರರ ಕರಾರು ಒಂದೇ ಏಟಿಗೆ ರದ್ದಾದವು.

ಇವೆಲ್ಲಕ್ಕೂ ಮೊದಲು, 2018ರ ಕೊನೆಯಲ್ಲಿ, ಲೀಗಿನ ಶೇ. 27ರಷ್ಟು ಪಾಲನ್ನು ಸಿವಿಸಿ ಎಂಬ ಹೂಡಿಕೆ ಸಂಸ್ಥೆಗೆ ಮಾರಿ ಕ್ಲಬ್ಬುಗಳು ಹಣ ಹಂಚಿಕೊಂಡಿದ್ದವು. ಕೈಗೆ ಬಂದ ಹಣ ಖರ್ಚಾಗುತ್ತದೆ, ಆದರೆ ಮುಂದಿನ ವರ್ಷಗಳ ಆದಾಯದಲ್ಲಿ ಆ ಪಾಲು ಹೋದದ್ದು ಹೋದದ್ದೇ.

ಉತ್ತರ: ಮಾಜಿ ರೈಡರ್, ತೀರ್ಥಹಳ್ಳಿ

ಮೇಲಿನವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಮಿತಿಯನ್ನೇ ದೂರುವುದು ನ್ಯಾಯವಲ್ಲ. ಹಣವಂತರೇ ಪ್ರತಿ ವರ್ಷ ಕಪ್ ಹೊತ್ತೊಯ್ಯಬಾರದು ಎಂಬುದೂ ಅದರ ಒಂದು ಉದ್ದೇಶ. ನಿಮ್ಮ ಸಮಿತಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದು ಮಿತಿಯ ಹಿಂಬಾಗಿಲಿನ ಬಗ್ಗೆ. ಸ್ಯಾರಸನ್ಸ್ ಕ್ಲಬ್ಬಿನ ಮಾಲೀಕರು ಕೆಲವು ಪ್ರಮುಖ ಆಟಗಾರರ ಜೊತೆ ಮನೆ, ಆಸ್ತಿಗಳಲ್ಲಿ ಜಂಟಿಯಾಗಿ ಹಣ ಹೂಡಿದ್ದರು. ಅದು ಸಂಬಳವಲ್ಲ, ಹೂಡಿಕೆ ಎಂಬುದು ಕ್ಲಬ್ಬಿನ ವಾದವಾಗಿತ್ತು. ವಿಚಾರಣಾ ಸಮಿತಿ ಅದನ್ನು ಒಪ್ಪದೆ, ಮೂರು ಸೀಸನ್‌ಗಳ ಉಲ್ಲಂಘನೆಗಾಗಿ 2019ರ ನವೆಂಬರಿನಲ್ಲಿ 53 ಲಕ್ಷ ಪೌಂಡ್‌ಗೂ ಮೀರಿದ ದಂಡ ಹಾಕಿ 35 ಅಂಕ ಕಡಿತಗೊಳಿಸಿತು. ಮುಂದೆ ಕ್ಲಬ್ಬನ್ನು ಎರಡನೇ ದರ್ಜೆಗೂ ಇಳಿಸಲಾಯಿತು. ಅದೇ ಸ್ಯಾರಸನ್ಸ್ 2023ರಲ್ಲಿ ಮತ್ತೆ ಚಾಂಪಿಯನ್ ಆಯಿತು ಎಂಬುದನ್ನೂ ಹೇಳಿಬಿಡಬೇಕು.

ನಮ್ಮ ಕಡೆಯ ಹರಾಜುಗಳಲ್ಲಿ ಬಿಡ್ ನಡೆಯುವುದು ಪಾಯಿಂಟ್‌ಗಳಲ್ಲಿ. ಎಲ್ಲರಿಗೂ ಸಮಾನ ಪಾಯಿಂಟ್, ಬೋರ್ಡಿನ ಮೇಲೆ ಎಲ್ಲವೂ ಸರಿ. ಆಮೇಲೆ ಆಟಗಾರನ ಬೈಕಿಗೆ ಪೆಟ್ರೋಲು, ಹೊಸ ಶೂ, ಪಂದ್ಯ ಮುಗಿದ ರಾತ್ರಿ ಮ್ಯಾಟ್ ಸುತ್ತುವ ಹೊತ್ತಿಗೆ ಕೈಗೆ ಸಿಗುವ ಕವರು, ಇವು ಯಾವ ಪುಸ್ತಕಕ್ಕೂ ಏರುವುದಿಲ್ಲ. ಹಾಗೆಂದು ಹಣ ಸುರಿದವರೇ ಗೆಲ್ಲುತ್ತಾರೆ ಎಂದೂ ಇಲ್ಲ: ಪ್ರೊ ಕಬಡ್ಡಿಯ ಹತ್ತನೇ ಸೀಸನ್‌ನಲ್ಲಿ ತೆಲುಗು ಟೈಟನ್ಸ್ ತನ್ನ 5 ಕೋಟಿ ರೂಪಾಯಿ ಮಿತಿಯಲ್ಲಿ 2.6 ಕೋಟಿಯನ್ನು ಪವನ್ ಸೆಹ್ರಾವತ್ ಒಬ್ಬರಿಗೇ ಕೊಟ್ಟು ಕೊನೆಯ ಸ್ಥಾನದಲ್ಲಿ ಉಳಿಯಿತು.

ಮರುಪ್ರಶ್ನೆ: ಪಂದ್ಯಾವಳಿ ಸಮಿತಿ ಸದಸ್ಯ, ಸಾಗರ

ಇಬ್ಬರಿಗೂ ಧನ್ಯವಾದ. ಮಿತಿಯನ್ನೂ ಆದಾಯವನ್ನೂ ಒಟ್ಟಿಗೆ ನೋಡುವ ವ್ಯವಸ್ಥೆ ರಗ್ಬಿಯಲ್ಲಿ ಎಲ್ಲಾದರೂ ಇದೆಯೇ?

ಉತ್ತರ: ಲೆಕ್ಕಪರಿಶೋಧಕ, ಶಿವಮೊಗ್ಗ

ಇದೆ. ಫ್ರಾನ್ಸಿನ ಟಾಪ್ 14 ಲೀಗಿನಲ್ಲಿ ಎಲ್ಲರಿಗೂ ಸಮಾನವಾದ ಮಿತಿಯ ಜೊತೆಗೆ, ಕ್ಲಬ್ಬುಗಳ ಲೆಕ್ಕವನ್ನು ಪರಿಶೀಲಿಸುವ ಪ್ರತ್ಯೇಕ ಮಂಡಳಿಯೊಂದಿದ್ದು, ಬಜೆಟ್ ನಂಬುವಂತಿಲ್ಲ ಎನಿಸಿದರೆ ಆ ಒಂದು ಕ್ಲಬ್ಬಿನ ಸಂಬಳದ ಮೊತ್ತವನ್ನೇ ಅದು ತಗ್ಗಿಸಬಲ್ಲದು, ಕೆಳದರ್ಜೆಗೂ ಇಳಿಸಬಲ್ಲದು. ಮೊಂಟೊಬಾನ್ ಕ್ಲಬ್ಬು 2010ರಲ್ಲಿ ಹಣಕಾಸಿನ ಕಾರಣಕ್ಕೇ ಹಾಗೆ ಕೆಳಗಿಳಿದು, ಟಾಪ್ 14ಕ್ಕೆ ಮರಳಿ ಬಂದದ್ದು 2025ರಲ್ಲಿ. ಆಸ್ಟ್ರೇಲಿಯಾದ ರಗ್ಬಿ ಲೀಗಿನದು ಬೇರೆ ದಾರಿ: ಅಲ್ಲಿ ಸಂಬಳದ ಮಿತಿಗಿಂತ ಹೆಚ್ಚಿನ ಮೊತ್ತವನ್ನು ಲೀಗೇ ಪ್ರತಿ ಕ್ಲಬ್ಬಿಗೂ ಅನುದಾನವಾಗಿ ಕೊಡುತ್ತದೆ. ನಿಮ್ಮ ಸಮಿತಿಗೆ ಅಷ್ಟು ಶಕ್ತಿ ಇರಲಾರದು. ಆದ್ದರಿಂದ ಆಟಗಾರರಿಗೆ ಕೊಡಬೇಕಾದ ಪೂರ್ತಿ ಹಣವನ್ನು ಹರಾಜಿಗೆ ಮೊದಲೇ ಸಮಿತಿಯ ಬ್ಯಾಂಕ್ ಖಾತೆಗೆ ಕಟ್ಟಬೇಕು, ಕಟ್ಟಿದಷ್ಟೇ ಆ ತಂಡದ ಮಿತಿ ಎಂಬ ನಿಯಮ ಬರೆಯಿರಿ.

ಪ್ರತಿಕ್ರಿಯೆ: ಮಾಜಿ ರೈಡರ್, ತೀರ್ಥಹಳ್ಳಿ

ಹಾಗೆ ಮಾಡಿದರೆ ಹೆಚ್ಚು ಕಟ್ಟಿದವರಿಗೇ ಒಳ್ಳೆಯ ರೈಡರ್‌ಗಳು ಸಿಗುತ್ತಾರೆ. ಮೇಲಿನ ಮಿತಿಯೂ ಇರಲಿ, ಮುಂಗಡವೂ ಇರಲಿ. ಮುಂಗಡ ಎಂದ ಕೂಡಲೇ ಒಂದೆರಡು ಮಾಲೀಕರು ಹಿಂದೆ ಸರಿಯಬಹುದು, ಸರಿಯಲಿ ಬಿಡಿ. ಇಂಗ್ಲೆಂಡಿನಲ್ಲಿ ಎರಡು ತಂಡಗಳು ಸೀಸನ್ ನಡುವೆಯೇ ಬಿದ್ದುಹೋಗಿ ವೇಳಾಪಟ್ಟಿಯನ್ನೇ ಹೊಸದಾಗಿ ಹೊಂದಿಸಬೇಕಾಯಿತು.