ಬೆಕ್ಕಿನ ಮರಿ ಉಗುರು ಕತ್ತರಿಸಲು ಬಿಡುತ್ತಿಲ್ಲ, ನನ್ನ ಕೈಯೆಲ್ಲ ಗೀರು

ಮೀಸೆಮರಿ:
ನಮ್ಮ ಮರಿಗೆ 10 ವಾರ. ನಿನ್ನೆ ಟವೆಲ್‌ನಲ್ಲಿ ಸುತ್ತಿಕೊಂಡು ಉಗುರು ಕತ್ತರಿಸಲು ಕೂತೆ. ಎರಡು ಆಯಿತು, ಮೂರನೆಯದರಲ್ಲಿ ಒಂದು ಹನಿ ರಕ್ತ ಬಂತು. ಈಗ ನೇಲ್ ಕಟರ್ ಕಂಡರೆ ಮಂಚದ ಕೆಳಗೆ ಓಡುತ್ತದೆ. ಆಟಕ್ಕೆ ಮಾತ್ರ ನನ್ನ ಕೈಯೇ ಬೇಕು. ಮೊಣಕೈವರೆಗೆ ಪರಚಿದೆ. ಏನು ಮಾಡಲಿ?

ಬೂದುಬಾಲ:
ಗಾಬರಿ ಬೇಡ, ನನ್ನ ಕೈಯಲ್ಲೂ ಒಮ್ಮೆ ಹೀಗಾಗಿದೆ. ಮುಂದೆಂದಾದರೂ ರಕ್ತ ಬಂದರೆ ಸ್ವಲ್ಪ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ.

ಒಂದು ವಾರ ಕಟರ್ ಮುಟ್ಟಲೇಬೇಡಿ. ಊಟ ಮುಗಿಸಿ ತೂಕಡಿಸುವಾಗ ಪಾದ ಹಿಡಿದು, ಅಂಗಾಲಿನ ಮೆತ್ತೆಯನ್ನು ಮೆಲ್ಲಗೆ ಒತ್ತಿ. ಉಗುರು ಹೊರಗೆ ಬರುತ್ತದೆ. ಬಿಟ್ಟುಬಿಡಿ, ಒಂದು ತಿನಿಸು ಕೊಡಿ. ಅಷ್ಟೇ. ಇದು ರೂಢಿಯಾದ ಮೇಲೆ ಒಂದು ದಿನಕ್ಕೆ ಒಂದೇ ಉಗುರು ಕತ್ತರಿಸಿದರೂ ಸಾಕು. ಬುಡದಲ್ಲಿ ಗುಲಾಬಿ ಬಣ್ಣ ಕಾಣುತ್ತದಲ್ಲ, ಅಲ್ಲಿ ರಕ್ತನಾಳ, ನರ ಎರಡೂ ಇವೆ. ಅದರಿಂದ ದೂರ, ಕೊಕ್ಕೆಯಂತೆ ಬಾಗಿದ ಚೂಪು ತುದಿಯನ್ನಷ್ಟೇ ತೆಗೆಯಿರಿ. ಕಟರ್ ಮೊಂಡಾಗಿದ್ದರೆ ಉಗುರು ಸೀಳುತ್ತದೆ, ಅದನ್ನೂ ನೋಡಿಕೊಳ್ಳಿ.

ಮೀಸೆಮರಿ:
ಸರಿ. ಈ ಪರಚಾಟಕ್ಕೆ? ಬೈದರೆ ಇನ್ನೂ ಜಾಸ್ತಿ ಮಾಡುತ್ತದೆ.

ಕಿಟಕಿಬೆಕ್ಕು:
ಬೈಯುವುದು ಅದಕ್ಕೆ ಆಟದ ಇನ್ನೊಂದು ಭಾಗ, ಅಲ್ವಾ! ಕೈ ಎಳೆದುಕೊಂಡರೂ ಹಾಗೇ. ಓಡುವ ಬೇಟೆ ಅಂತ ಇನ್ನೂ ಗಟ್ಟಿ ಹಿಡಿಯುತ್ತದೆ. ಉಗುರು ತಾಗಿದ ಕೂಡಲೇ ಕೈ ಅಲ್ಲಾಡಿಸದೆ ನಿಲ್ಲಿಸಿ. ಅದು ಬಿಟ್ಟ ಮೇಲೆ ಎದ್ದು ಹೋಗಿ, ಅರ್ಧ ನಿಮಿಷ ಮಾತೇ ಬೇಡ. ಒಡಹುಟ್ಟಿದ ಮರಿಗಳೂ ಹೀಗೇ ಕಲಿಸುತ್ತವೆ. ಜೋರಾಗಿ ಪರಚಿದರೆ ಆಟ ನಿಲ್ಲುತ್ತದೆ. ಬೆರಳಿನ ಬದಲು ಕೋಲಿಗೆ ದಾರ ಕಟ್ಟಿ ಆಡಿಸಿ, ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿಬಿಟ್ಟರೆ ಅಪಾಯ. ಮನೆಯವರೆಲ್ಲ ಇದೇ ನಿಯಮ ಪಾಲಿಸಬೇಕು. ನಮ್ಮಲ್ಲಿ ಒಬ್ಬರು ಸುಮ್ನೆ ಬೆರಳು ಆಡಿಸಿ ಎಲ್ಲ ಕೆಡಿಸಿದ್ದರು.

ಮೀಸೆಮರಿ:
ಹನ್ನೆರಡು ದಿನ ಆಯಿತು. ನಿದ್ದೆಗಣ್ಣಲ್ಲಿ ಮುಂಗಾಲಿನ ನಾಲ್ಕು ಉಗುರು ಮುಗಿಸಿದೆ! ಹಿಂಗಾಲು ಮಾತ್ರ ಮುಟ್ಟಿಸಿಕೊಳ್ಳುತ್ತಿಲ್ಲ.

ಬೂದುಬಾಲ:
ಹಿಂಗಾಲು ಸದ್ಯ ಬಿಡಿ, ಅಷ್ಟು ಚೂಪಿರುವುದಿಲ್ಲ. ಮುಂಗಾಲಿನ ಒಳಬದಿಯಲ್ಲಿ, ಸ್ವಲ್ಪ ಮೇಲೆ, ಹೆಬ್ಬೆರಳಿನಂಥದ್ದು ಒಂದಿದೆ, ಅದನ್ನು ನೋಡಿದಿರಾ? ನೆಲಕ್ಕೆ ತಾಗದ ಕಾರಣ ಸವೆಯುವುದಿಲ್ಲ. ಬಿಟ್ಟರೆ ಸುತ್ತಿಕೊಂಡು ಮೆತ್ತೆಗೇ ಚುಚ್ಚುತ್ತದೆ.

ಮೀಸೆಮರಿ:
ಅಯ್ಯೋ, ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಈಗ ಮಲಗಿದೆ, ಕಟರ್ ತರುತ್ತೇನೆ.